ಗಾಳಿಯ ಸೀಮೆಯಲ್ಲಿ ನೆಲ ಮುಟ್ಟುವ ವಿದ್ಯೆ

ಹೊಸಪೇಟೆಯ ಕಡೆಯಿಂದ ಸಂಡೂರಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಕುಮಾರಸ್ವಾಮಿಯ ದರ್ಶನ ಮಾಡಿ, ನಾರಿಹಳ್ಳದ ಚೆಲುವನ್ನು ಕಂಡು ಹಿಂದಿರುಗುತ್ತಾರೆ. ಅದೇ ತಾಲ್ಲೂಕಿನ ದಕ್ಷಿಣ ಭಾಗದಲ್ಲಿರುವ ಚೋರನೂರಿನವರೆಗೆ ಬರುವವರು ವಿರಳ. ಅಲ್ಲಿ ಅಂಥದ್ದೇನಿದೆ ಎಂದು ವಾಚಕರು ಕೇಳಬಹುದು. ಕಣ್ಣಿಗೆ ಕಾಣದ ಒಂದು ವಸ್ತುವನ್ನೇ ನಾನು ಹೆಸರಿಸಬೇಕಾಗಿದೆ: ಅದು ಗಾಳಿ.

ಆಷಾಢದಲ್ಲಿ ಈ ಸೀಮೆಯ ಗಾಳಿಯನ್ನು ಅನುಭವಿಸಿಯೇ ತಿಳಿಯಬೇಕು. ಪಡುವಣ ಕಡಲಿನಿಂದ ಹೊರಟ ಮುಂಗಾರು ತನ್ನ ಮಳೆಯನ್ನೆಲ್ಲ ಸಹ್ಯಾದ್ರಿಗೆ ಸುರಿದು, ಬರಿಯ ರಭಸವನ್ನು ಮಾತ್ರ ಉಳಿಸಿಕೊಂಡು ಬಯಲಿಗೆ ಬರುತ್ತದೆ. ಸಂಡೂರಿನ ಕಬ್ಬಿಣದ ಬೆಟ್ಟಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ಭೀಮಗಂಡಿ, ಓಬಳಗಂಡಿಯಂಥ ಕಣಿವೆಬಾಯಿಗಳಲ್ಲಿ ಅದು ನುಗ್ಗಿ ಹರಿಯುತ್ತದೆ. ಏಣನ್ನು ದಾಟಿದ ಮೇಲೆ, ಬಂಡೆಯನ್ನು ಹಾದ ಹೊಳೆಯ ನೀರಿನಂತೆ ಸುಳಿಸುಳಿಯಾಗಿ ಒಡೆಯುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಕಾದ ನೆಲದಿಂದೇಳುವ ಬಿಸಿಗಾಳಿಯ ಆಟವೇ ಬೇರೆ.

ಊರಿನ ಕಣವೊಂದರ ಬಳಿ ಮೊರ ಹಿಡಿದು ಸುಮ್ಮನೆ ನಿಂತಿದ್ದ ವೃದ್ಧರೊಬ್ಬರನ್ನು, “ಯಜಮಾನರೇ, ಇಷ್ಟು ಗಾಳಿಯಿದ್ದರೂ ತೂರುತ್ತಿಲ್ಲವಲ್ಲ?” ಎಂದು ಕೇಳಿದೆ.

“ಗಾಳಿ ಒಂದೇ ಸಮ ಬಂದ್ರೆ ತೂರಾಕ ಬರ್ತೈತಿ, ಮೇಷ್ಟ್ರೇ. ಹಿಂಗೆ ಎಗರಾಡಿದ್ರೆ ಜೊಳ್ಳಿನ ಜತೀಗೆ ಕಾಳೂ ಹೋಗ್ತೈತಿ” ಎಂದರು ಅವರು.

ವಿಮಾನ ಹಾರಿಸುವವರು ವರ್ಷಗಟ್ಟಲೆ ಕಲಿಯುವ ಪಾಠದ ಸಾರ ಈ ಮಾತಿನಲ್ಲಿದೆ. ಅವರನ್ನು ಹೆದರಿಸುವುದು ಬಲವಾದ ಗಾಳಿಯಲ್ಲ, ಎಗರಾಡುವ ಗಾಳಿ.

ವಿಮಾನಕ್ಕೂ ಈ ಸೀಮೆಗೂ ನಂಟು ಹಳೆಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಬೊಂಬಾಯಿಗೆ ಅಂಚೆ ತಂದರು. ಅಲ್ಲಿಂದ ಮದರಾಸಿಗೆ ಅದನ್ನು ಒಯ್ದವರು ನೆವಿಲ್ ವಿನ್ಸೆಂಟ್. ಹೋದದ್ದು ಬಳ್ಳಾರಿಯ ಮಾರ್ಗವಾಗಿ. ಚೋರನೂರಿನ ಉತ್ತರಕ್ಕೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಿ ಈಗ ವಿಮಾನ ನಿಲ್ದಾಣವೇ ಇದೆ. ಉಡಾನ್ ಯೋಜನೆಯಡಿ 2017ರಲ್ಲಿ ಹೈದರಾಬಾದಿನಿಂದ ಅಲ್ಲಿಗೆ ಪ್ರಯಾಣಿಕರ ವಿಮಾನ ಆರಂಭವಾಯಿತು.

ಎಪ್ಪತ್ತು ಜನರನ್ನು ಹೊರುವ ಎ.ಟಿ.ಆರ್. 72 ವಿಮಾನದ ತುಂಬಿದ ತೂಕ ಸುಮಾರು 23 ಟನ್. ಪೈಲಟ್ ತರಬೇತಿಯಲ್ಲಿ ಬಳಸುವ, ನಾಲ್ಕು ಆಸನಗಳ ಸೆಸ್ನಾ 172ರದು ಸುಮಾರು 1,100 ಕಿಲೋಗ್ರಾಂ ಮಾತ್ರ. ಈ ಪುಟ್ಟ ವಿಮಾನ ಇಳಿಯಲು ಬರುವಾಗ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿರುತ್ತದೆ. ಆದರೆ ರೆಕ್ಕೆಗೆ ಬೇಕಾದುದು ನೆಲದ ಮೇಲಿನ ವೇಗವಲ್ಲ, ಎದುರಿನಿಂದ ಬರುವ ಗಾಳಿಯ ವೇಗ. ಎದುರುಗಾಳಿ ತಟಕ್ಕನೆ 18 ಕಿಲೋಮೀಟರಿನಷ್ಟು ಕುಗ್ಗಿತೆನ್ನೋಣ. ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಆ ಕ್ಷಣದಲ್ಲಿ ರೆಕ್ಕೆಯ ಬಲದ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಮಾಯವಾಗುತ್ತದೆ. ಎತ್ತರದಲ್ಲಾದರೆ ಸುಧಾರಿಸಿಕೊಳ್ಳಲು ಅವಕಾಶವುಂಟು. ನೆಲ ಹತ್ತೇ ಅಡಿ ಕೆಳಗಿದ್ದಾಗ ಅವಕಾಶವೆಲ್ಲಿ? ವಿಮಾನ ದೊಪ್ಪನೆ ಬೀಳುತ್ತದೆ, ಪುಟಿಯುತ್ತದೆ. ಎರಡನೆಯ ಸಲ ಮುಂಗಾಲಿನ ಮೇಲೆ ಬಿದ್ದರೆ ಆ ಕಾಲು ಮುರಿಯುತ್ತದೆ.

ಅಡ್ಡಗಾಳಿಯದು ಇನ್ನೊಂದು ಬಗೆಯ ಕಾಟ. ಪೈಲಟ್ ಮೂತಿಯನ್ನು ಗಾಳಿಯತ್ತ ಓರೆಮಾಡಿಕೊಂಡು ಬಂದು, ಚಕ್ರಗಳು ನೆಲ ಮುಟ್ಟುವ ಮುನ್ನ ನೇರಗೊಳಿಸಬೇಕು. ಅದೇ ಗಳಿಗೆಯಲ್ಲಿ ಒಂದು ಹೊಡೆತ ಬಂದರೆ ಒಂದು ರೆಕ್ಕೆ ಮೇಲೇಳುತ್ತದೆ, ವಿಮಾನ ಓಡುದಾರಿಯ ಅಂಚಿಗೆ ಸರಿಯುತ್ತದೆ. ಸೆಸ್ನಾ 172ನ್ನು ತಯಾರಕರು ಪರೀಕ್ಷಿಸಿ ತೋರಿಸಿರುವ ಅಡ್ಡಗಾಳಿ ಗಂಟೆಗೆ ಸುಮಾರು 28 ಕಿಲೋಮೀಟರ್ ಅಷ್ಟೆ. ನೆಲ ಮುಟ್ಟಿದ ಮಾತ್ರಕ್ಕೆ ಗಂಡಾಂತರ ಕಳೆಯಿತೆಂದೂ ಅಲ್ಲ. 1903ರ ಡಿಸೆಂಬರ್ 17ರಂದು ರೈಟ್ ಸೋದರರ ಮೊದಲ ವಿಮಾನ ನಾಲ್ಕು ಬಾರಿ ಹಾರಿತು. ಆಮೇಲೆ ಅದು ನೆಲದ ಮೇಲೆ ನಿಂತಿದ್ದಾಗಲೇ ಗಾಳಿಯ ಹೊಡೆತವೊಂದು ಅದನ್ನು ಮಗುಚಿ ಮುರಿದುಹಾಕಿತು. ಆ ವಿಮಾನ ಮತ್ತೆಂದೂ ಹಾರಲಿಲ್ಲ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಓಡುದಾರಿಗಳನ್ನು ಆದಷ್ಟೂ ಆ ಸ್ಥಳದ ವಾಡಿಕೆಯ ಗಾಳಿಗೆ ಎದುರಾಗುವಂತೆ ಕಟ್ಟುತ್ತಾರೆ. ಗಾಳಿಯ ಸಾಧಾರಣ ವೇಗಕ್ಕೂ ಹೊಡೆತದ ವೇಗಕ್ಕೂ ಇರುವ ಅಂತರದ ಅರ್ಧದಷ್ಟನ್ನು ಇಳಿಯುವ ವೇಗಕ್ಕೆ ಕೂಡಿಸಿಕೊಳ್ಳುವುದು ಪೈಲಟುಗಳ ರೂಢಿ. ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ, ಸರಿಹೋಗದಿದ್ದಾಗ ಎಂಜಿನ್ನಿಗೆ ಪೂರ್ಣ ಬಲ ಕೊಟ್ಟು ಮೇಲೇರಿ ಮತ್ತೊಂದು ಸುತ್ತು ಬರುವುದು. ಆಗಲೂ ಆಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗುವುದು.

ಕೇಳಲು ಇದು ಸುಲಭ. ಕೆಳಗೆ ಬಂಧುಗಳು ಕಾದಿರುತ್ತಾರೆ, ಒಳಗೆ ಪ್ರಯಾಣಿಕರು ಗಡಿಯಾರ ನೋಡುತ್ತಿರುತ್ತಾರೆ. ಓಡುದಾರಿ ಕಣ್ಣೆದುರಿಗೇ ಇರುತ್ತದೆ. ಅದನ್ನು ಬಿಟ್ಟು ಮೇಲೇರಲು ಕೈಚಳಕಕ್ಕಿಂತ ಮನಸ್ಸಿನ ಗಟ್ಟಿತನ ಬೇಕು. ವಿಮಾನ ನೆಲದ ಹತ್ತಿರ ಬಂದು ಮತ್ತೆ ಮೇಲೇರಿದಾಗ ನಾವು ಗೊಣಗುವುದುಂಟು. ಹಾಗೆ ಗೊಣಗುವ ಮುನ್ನ, ನಮ್ಮ ಅರ್ಧ ಗಂಟೆಯನ್ನು ತೆಗೆದುಕೊಂಡವನು ನಮ್ಮ ಪ್ರಾಣದ ಲೆಕ್ಕವನ್ನೂ ಹಾಕಿದ್ದಾನೆಂಬುದನ್ನು ನೆನೆಯುವುದು ಒಳ್ಳೆಯದು.

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ಗಾದೆ. ತೂರಬಾರದ ಗಾಳಿಯೂ ಒಂದುಂಟೆಂಬುದು ಅದೇ ಕಣದ ವಿವೇಕ.