ಪಿಕಪ್ಪಿಗೆ ಪಿಕಪ್ಪಿಲ್ಲದ ಪ್ರಸಂಗ

ಹಳೆಯ ವಾಹನವನ್ನು ಕೊಂಡವನಿಗೆ ಅದರ ಹಿಂದಿನ ಮಾಲೀಕರು ಮಾಡಿದ ಉಪಚಾರ, ಅಪಚಾರಗಳೆರಡೂ ಬಳುವಳಿಯಾಗಿ ಬರುತ್ತವೆ. ನನ್ನ ಅಕ್ಕನ ಮಗ 2015ರಲ್ಲಿ ಒಂದು ಹಳೆಯ ಡೀಸೆಲ್ ಪಿಕಪ್ ಕೊಂಡಾಗ ಈ ಮಾತು ನಮಗೆ ಚೆನ್ನಾಗಿ ಮನದಟ್ಟಾಯಿತು. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ, “ಸಾರ್, ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಿದ್ದೇನೆ, ಲೋಡ್ ಹಾಕಿದರೆ ಎಳೆಯೋದೇ ಇಲ್ಲ” ಎಂದು ಅಲವತ್ತುಕೊಂಡ. ಅವನಿಗೆ ಹೇಳಿದ್ದನ್ನೇ ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಅಳಿಯನಿಗಿದ್ದುದು ತೀರ್ಥಹಳ್ಳಿಯ ಕಡೆ ಎರಡು ಎಕರೆ ಅಡಿಕೆ ತೋಟ. ಅದರಿಂದ ಸಂಸಾರ ಸಾಗದೆಂದು ಸಾಲ ಮಾಡಿ ಬಾಡಿಗೆಗೆ ಓಡಿಸಲು ಆ ಗಾಡಿ ಕೊಂಡಿದ್ದ. ಆಗುಂಬೆ ಘಾಟಿ ಇಳಿಯುವಾಗ ಬಾಳೆಗೊನೆ, ಹತ್ತುವಾಗ ದಿನಸಿ ಸಾಮಾನು. ಇಳಿಯುವುದೇನೋ ಸಲೀಸಾಗಿತ್ತು. ಹತ್ತುವಾಗ ನಾಲ್ಕನೆಯ ತಿರುವಿಗೇ ಎಂಜಿನ್ ಉಸಿರುಗಟ್ಟಿದಂತೆ ಸೊರಗಿ ನಿಂತುಬಿಡುತ್ತಿತ್ತು. ಮನೆಯ ಮುಂದಿನ ಏರಿನಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಬ್ಯಾಟರಿ ಇಳಿಯುವವರೆಗೆ ಕೀಲಿ ತಿರುಗಿಸಬೇಕು. “ಮಾವ, ನಮ್ಮ ಪಿಕಪ್ಪಿಗೆ ಪಿಕಪ್ಪೇ ಇಲ್ಲ” ಎಂದು ನಗುತ್ತಲೇ ಹೇಳಿದ್ದನಾದರೂ ಆ ನಗುವಿನ ಹಿಂದೆ ಎರಡು ತಿಂಗಳ ಸಾಲದ ಕಂತು ಬಾಕಿಯಿತ್ತು. ಪೇಟೆಯ ಗ್ಯಾರೇಜೊಂದರಲ್ಲಿ ಗಾಡಿಯ ಸದ್ದು ಕೇಳಿದ ಮಾತ್ರಕ್ಕೇ, “ಪಂಪು ಹೋಗಿದೆ, ರೂ. 32,000 ಆಗುತ್ತದೆ” ಎಂದುಬಿಟ್ಟಿದ್ದರು. ಗಾಡಿಯನ್ನು ಬಂದ ಬೆಲೆಗೆ ಮಾರಿಬಿಡುವ ಯೋಚನೆಯಲ್ಲಿದ್ದ.

ಡೀಸೆಲ್ ಎಂಜಿನ್ನಿನ ತತ್ತ್ವ ನಮ್ಮ ಶಾಲೆಯ ಮಕ್ಕಳಿಗೆ ನೆನಪಿರಬಹುದು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಆ ಯಂತ್ರದಲ್ಲಿ ಕಿಡಿ ಹಚ್ಚುವ ಪ್ಲಗ್ಗಿಲ್ಲ. ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನೆಂಟನೇ ಒಂದು ಭಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ಸಿಗಿಂತಲೂ ಹೆಚ್ಚು ಕಾಯುತ್ತದೆ. ಆ ಕ್ಷಣದಲ್ಲಿ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗೆ ಸಿಂಪಡಿಸಲು ಅಪಾರವಾದ ಒತ್ತಡ ಬೇಕು. ದ್ರವವನ್ನು ಅಷ್ಟು ಒತ್ತಡಕ್ಕೆ ಏರಿಸಬಹುದು. ಆದರೆ ಅದರಲ್ಲಿ ಗಾಳಿಯ ಗುಳ್ಳೆ ಸೇರಿಕೊಂಡರೆ ಪಂಪಿನ ಶ್ರಮವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಡೀಸೆಲ್ ಗಾಡಿಗೆ ಇಂಧನ ಎಷ್ಟು ಮುಖ್ಯವೋ ಇಂಧನದಲ್ಲಿ ಗಾಳಿ, ನೀರು, ಕಸ ಇಲ್ಲದಿರುವುದೂ ಅಷ್ಟೇ ಮುಖ್ಯ.

ಪ್ರಯೋಗಶಾಲೆಯಲ್ಲಿ ಬಲ್ಬು ಉರಿಯದಿದ್ದಾಗ ನಾವೇನು ಮಾಡುತ್ತಿದ್ದೆವು? ಇಡೀ ಮಂಡಲವನ್ನು ಬಿಚ್ಚಿಹಾಕುತ್ತಿರಲಿಲ್ಲ. ನಡುವೆ ಒಂದು ಕಡೆ ಪರೀಕ್ಷಿಸಿ, ದೋಷ ಆಚೆಗಿದೆಯೋ ಈಚೆಗಿದೆಯೋ ಎಂದು ನಿರ್ಧರಿಸುತ್ತಿದ್ದೆವು. ಗಾಡಿಯ ಇಂಧನದ ದಾರಿಯೂ ಅಂಥದೇ ಒಂದು ಸರಪಳಿ: ಟ್ಯಾಂಕು, ಕೊಳವೆ, ಡೀಸೆಲ್ಲನ್ನು ಎಳೆದುಕೊಳ್ಳುವ ಫೀಡ್ ಪಂಪು, ಫಿಲ್ಟರು, ದೊಡ್ಡ ಪಂಪು, ಕೊನೆಗೆ ನಾಝಲ್‌ಗಳು. ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಶಿವಮೊಗ್ಗದಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುತ್ತಾನೆ. ಅವನನ್ನು ಕರೆಸಿದೆ. ಅವನು ಪಂಪಿನ ತಂಟೆಗೇ ಹೋಗದೆ ಐದು ಲೀಟರಿನ ಕ್ಯಾನೊಂದರಲ್ಲಿ ಶುದ್ಧವಾದ ಡೀಸೆಲ್ ತುಂಬಿ ಎಂಜಿನ್ನಿನ ಪಕ್ಕದಲ್ಲಿ ಭದ್ರವಾಗಿ ಕಟ್ಟಿದ. ಫೀಡ್ ಪಂಪಿನ ಕೊಳವೆಯನ್ನೂ ಮರಳಿ ಬರುವ ಕೊಳವೆಯನ್ನೂ ಆ ಕ್ಯಾನಿಗೇ ಜೋಡಿಸಿದ. ಫಿಲ್ಟರಿನ ತಿರುಪು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಗಾಳಿ ತೆಗೆದ. ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಕಲ್ಲು ಹೇರಿಕೊಂಡು ಮನೆಯ ಮುಂದಿನ ಏರನ್ನು ನಿರಾಯಾಸವಾಗಿ ಹತ್ತಿತು.

“ಪಂಪು ಗಟ್ಟಿಯಾಗಿದೆ ಸಾರ್. ರೋಗ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ” ಎಂದ.

ಆದರೆ ಗಾಡಿಯ ಕೆಳಗೆ ಒಂದು ಹನಿ ಡೀಸೆಲ್ಲೂ ಸೋರಿರಲಿಲ್ಲ. ಇಲ್ಲೇ ಇರುವುದು ಸ್ವಾರಸ್ಯ. ಆ ಭಾಗದ ಕೊಳವೆಯಲ್ಲಿ ಡೀಸೆಲ್ ತಳ್ಳಲ್ಪಡುವುದಿಲ್ಲ, ಎಳೆಯಲ್ಪಡುತ್ತದೆ. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಭಾರ ಹೆಚ್ಚಿದಷ್ಟೂ ಎಂಜಿನ್ ಹೆಚ್ಚು ಡೀಸೆಲ್ ಬೇಡುತ್ತದೆ, ಎಳೆತ ಹೆಚ್ಚುತ್ತದೆ, ಗಾಳಿಯೂ ಹೆಚ್ಚು ನುಗ್ಗುತ್ತದೆ. ರಾತ್ರಿ ಏರಿನಲ್ಲಿ ಮೂತಿ ಮೇಲಾಗಿ ನಿಂತರೆ ಅದೇ ಬಿರುಕಿನಿಂದ ಗಾಳಿ ಸೇರಿ ಕೊಳವೆಯ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತದೆ. ಘಾಟಿಯ ಸಂಕಟಕ್ಕೂ ಬೆಳಗಿನ ಹಟಕ್ಕೂ ಕಾರಣ ಒಂದೇ! ಟ್ಯಾಂಕಿನ ಬಳಿಯ ರಬ್ಬರ್ ಕೊಳವೆಯಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಕೂದಲೆಳೆಯಂಥ ಬಿರುಕು ಸಿಕ್ಕಿತು. ಹೊಸ ಕೊಳವೆ, ಎರಡು ಕ್ಲಿಪ್ಪು ಸೇರಿ ರೂ. 180. ಬೆಟ್ಟ ಅಗೆದು ಇಲಿ ಹಿಡಿಯುವುದೆಂದರೆ ಇದೇ; ನಮ್ಮ ಪುಣ್ಯಕ್ಕೆ ಬೆಟ್ಟ ಅಗೆಯುವ ಮೊದಲೇ ಇಲಿ ಸಿಕ್ಕಿತ್ತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಗಾಡಿ ಈಗ ಘಾಟಿಯನ್ನು ಕುದುರೆಯಂತೆ ಹತ್ತತೊಡಗಿತು, ಆದರೆ ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಕಪ್ಪು ಹೊಗೆ. ಡೀಸೆಲ್ ಗಾಡಿಯ ಹೊಗೆ ಒಂದು ಭಾಷೆ. ಬಿಳಿ ಹೊಗೆ ಸಾಮಾನ್ಯವಾಗಿ ಹೊತ್ತಿಕೊಳ್ಳದ ಇಂಧನದ್ದು, ನೀಲಿ ಹೊಗೆ ಎಂಜಿನ್ ಆಯಿಲ್ಲಿನದು, ಕಪ್ಪು ಹೊಗೆಯಾದರೋ ಇಂಧನ ಹೆಚ್ಚಾಗಿ ಗಾಳಿ ಸಾಲದಾದಾಗ ಬರುವಂಥದು. ಪಂಪಿನ ಮೇಲೆ, ಡೀಸೆಲ್ಲಿನ ಗರಿಷ್ಠ ಪ್ರಮಾಣವನ್ನು ನಿಗದಿಮಾಡುವ ತಿರುಪಿನ ಸೀಲು ಮುರಿದಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ, ಗಾಡಿ ಎಳೆಯುತ್ತಿಲ್ಲವೆಂದು ಕಾರಣ ಹುಡುಕದೆ ತಿರುಪನ್ನೇ ತಿರುಗಿಸಿಬಿಟ್ಟಿದ್ದರು. ಮೂಲ ರೋಗ ವಾಸಿಯಾದ ಮೇಲೆ ತಪ್ಪು ಔಷಧ ಬಯಲಿಗೆ ಬಂದಿತ್ತು.

ಅಳಿಯನಿಗೆ ಅದನ್ನು ಸರಿಪಡಿಸಲು ಮನಸ್ಸಿಲ್ಲ. “ಇರಲಿ ಬಿಡಿ ಮಾವ, ಇನ್ನೂ ನಾಲ್ಕು ಚೀಲ ಹೆಚ್ಚಿಗೆ ಎಳೆಯುತ್ತದೆ” ಎಂದ. ಕಂತು ಬಾಕಿಯಿರುವವನಿಗೆ ನಾಲ್ಕು ಚೀಲದ ಬಾಡಿಗೆ ಸಣ್ಣದಲ್ಲ. ನಾನು ಅವನೆದುರು ಲೆಕ್ಕವಿಟ್ಟೆ. ಹೊಗೆಯಾಗಿ ಹೋಗುವುದು ಅವನೇ ಹಣ ಕೊಟ್ಟು ತುಂಬಿಸಿದ ಡೀಸೆಲ್. ಮಿತಿಮೀರಿದ ಇಂಧನದಿಂದ ಏರುವ ಶಾಖ ಪಿಸ್ಟನ್ನನ್ನೇ ಕರಗಿಸಬಲ್ಲದು. ಹೊಗೆಯ ತಪಾಸಣೆಯಲ್ಲಿ ಗಾಡಿ ಪಾಸಾಗದು. ಎಂಜಿನ್ನಿನ ಶಕ್ತಿ ಹೆಚ್ಚಿಸಿದರೂ ಬ್ರೇಕು, ಕ್ಲಚ್ಚುಗಳ ಶಕ್ತಿ ಹೆಚ್ಚುವುದಿಲ್ಲ. ಹತ್ತಿದ ಘಾಟಿಯನ್ನು ಇಳಿಯಲೂ ಬೇಕಲ್ಲ? ಇವುಗಳಲ್ಲಿ ಕೊನೆಯ ಮಾತು ಅವನಿಗೆ ನಾಟಿತು. ಪಂಪನ್ನು ಶಿವಮೊಗ್ಗಕ್ಕೆ ಒಯ್ದು, ಪರೀಕ್ಷಾ ಯಂತ್ರದ ಮೇಲೆ ಅಳತೆಗೆ ಸರಿಯಾಗಿ ಹೊಂದಿಸಿ ಸೀಲು ಹಾಕಿಸಿದೆವು.

ಮಾರ್ಪಾಡುಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಫೀಡ್ ಪಂಪಿನ ಮೊದಲು ನೀರು ಬೇರ್ಪಡಿಸುವ ಒಂದು ಬಟ್ಟಲನ್ನು ಕೂಡಿಸಿದೆವು. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿಯಾದ ಟ್ಯಾಂಕಿನ ಒಳಗೋಡೆಯ ಮೇಲೆ ತೇವ ಹನಿಗಟ್ಟಿ ಡೀಸೆಲ್ಲಿಗಿಳಿಯುತ್ತದೆ. ನೀರು ಭಾರವಾದ್ದರಿಂದ ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ, ವಾರಕ್ಕೊಮ್ಮೆ ಬಸಿದರಾಯಿತು. ರಾತ್ರಿ ಟ್ಯಾಂಕು ತುಂಬಿಸಿಡುವುದು ಇನ್ನೂ ಸುಲಭದ ಉಪಾಯ. ಆದರೆ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಪಂಪಿನ ಒಳಗಿನ ನುಣುಪಾದ ಭಾಗಗಳಿಗೆ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆಗೆ ಆ ಗುಣ ಸಾಲದು.

ಫೋನು ಮಾಡಿದ ಹುಡುಗನ ಗಾಡಿ ಕಾಮನ್ ರೈಲ್ ಮಾದರಿಯದು. ಅವನಿಗೆ ಎರಡು ಮಾತು ಒತ್ತಿ ಹೇಳಿದ್ದೇನೆ. ಎಂಜಿನ್ ಓಡುತ್ತಿರುವಾಗ ಆ ಕೊಳವೆಗಳ ನಟ್ಟು ಸಡಿಲಿಸಕೂಡದು, ಸೋರಿಕೆಯನ್ನು ಬೆರಳಿನಿಂದ ಹುಡುಕಕೂಡದು. ಅಲ್ಲಿನ ಒತ್ತಡ ಸಾವಿರ ಬಾರ್‌ಗಳನ್ನೂ ಮೀರುವುದರಿಂದ ಡೀಸೆಲ್ಲಿನ ಎಳೆ ಚರ್ಮವನ್ನು ತೂರಿ ಒಳಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡನೆಯದು, ಹೊಗೆ ಶುದ್ಧಿಮಾಡುವ ಭಾಗಗಳನ್ನು ಕಿತ್ತುಹಾಕಿಸುವ ಸಲಹೆಗೆ ಮರುಳಾಗಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂಥ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ.

ಅಳಿಯ ಆ ಗಾಡಿಯಿಂದಲೇ 2019ರಲ್ಲಿ ಸಾಲ ತೀರಿಸಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಅಗ್ಗದ ಅನುಮಾನವನ್ನು ಮೊದಲು ಪರಿಹರಿಸಿಕೊಳ್ಳಿ, ದುಬಾರಿಯದನ್ನು ಕೊನೆಗಿಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಿ. ಗಾಡಿಯನ್ನು ಮುಂದೆ ಮಾರುವಾಗ ಆ ಪುಸ್ತಕವನ್ನೂ ಕೊಂಡವರ ಕೈಗೆ ಕೊಡಿ.