ಟೇಕಲ್: ಕಲ್ಲಿನ ಭಾರ, ನೀರಿನ ಭಾರ

ಬೆಂಗಳೂರಿನಿಂದ ಬಂಗಾರಪೇಟೆಯ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ಮಾಲೂರು ದಾಟಿತೆಂದರೆ ಕಿಟಕಿಯ ಹೊರಗಿನ ನೋಟವೇ ಬೇರೆ. ಹೆಂಚು, ಇಟ್ಟಿಗೆಗೆ ಹೆಸರಾದ ಊರು ಹಿಂದೆ ಸರಿಯುತ್ತದೆ. ನೀಲಗಿರಿ ತೋಪು, ರಾಗಿ ಹೊಲಗಳ ನಡುವೆ ಬಂಡೆಗಳು ತಲೆ ಎತ್ತುತ್ತವೆ. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಗುಂಪುಗುಂಪಾಗಿ. ಆಟ ಮುಗಿಸಿ ಎದ್ದುಹೋದ ಮಕ್ಕಳು ಬಿಟ್ಟ ಗಜ್ಜುಗದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಅಲ್ಲಿಯೇ ಟೇಕಲ್ ನಿಲ್ದಾಣ.

ಮಕ್ಕಳ ಜೊತೆ ಇಳಿದವರು ಆತುರಪಟ್ಟು ಊರೊಳಗೆ ನಡೆಯಬೇಕಾಗಿಲ್ಲ. ಈ ಪ್ರವಾಸದ ಮೊದಲ ಪಾಠ ಪ್ಲಾಟ್‌ಫಾರಂ ಕೆಳಗೇ ಬಿದ್ದಿದೆ. ಹಳಿಗಳ ಅಡಿಯಲ್ಲಿ ಹರಡಿರುವ ಜಲ್ಲಿಯೇ ಅದು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಓಡಿದ್ದು 1864ರಲ್ಲಿ. ಅಂದಿನ ಗಾಡಿಯಿಂದ 2022ರಲ್ಲಿ ಶುರುವಾದ ಮೈಸೂರು–ಚೆನ್ನೈ ವಂದೇ ಭಾರತ್ ತನಕ ಎಲ್ಲದರ ಭಾರವನ್ನೂ ಹೊತ್ತದ್ದು ನೆಲದ ಮೇಲೆ ಸುಮ್ಮನೆ ಹರಡಿದ ಕಲ್ಲು. ಸಿಮೆಂಟಿಲ್ಲ, ಗಾರೆಯಿಲ್ಲ. ಒಂದು ಕಿಲೋಮೀಟರ್ ಹಳಿಗೆ ಸುಮಾರು 1,660 ಕಾಂಕ್ರೀಟ್ ಸ್ಲೀಪರ್‌ಗಳು. ಒಂದೊಂದೂ ಕಾಲು ಟನ್ನಿಗಿಂತ ಹೆಚ್ಚು ತೂಗುತ್ತದೆ. ಅವುಗಳನ್ನು ಅಲುಗದಂತೆ ಹಿಡಿದಿಡುವುದು 20ರಿಂದ 65 ಮಿಲಿಮೀಟರ್ ಗಾತ್ರದ ಈ ಚೂರುಗಳು. ಚೂರಿಗೆ ಮೂಲೆ ಇರಬೇಕು, ಅಂಚು ಹರಿತವಾಗಿರಬೇಕು. ಹೊಳೆಯ ಗುಂಡುಕಲ್ಲು ಹಾಕಿದರೆ ಗೋಲಿಯ ಹಾಗೆ ಜಾರುತ್ತದೆ. ಒಡೆದ ಕಲ್ಲಾದರೆ ಒಂದರ ಮೂಲೆ ಇನ್ನೊಂದರ ಸಂದಿಗೆ ಸಿಕ್ಕಿ ಕೂರುತ್ತದೆ. ನಡುವೆ ಉಳಿದ ಸಂದಿನಲ್ಲಿ ಮಳೆನೀರು ಬಸಿದುಹೋಗುತ್ತದೆ.

ರೈಲ್ವೆಯವರು ಈ ಜಲ್ಲಿಯನ್ನು ‘ಬ್ಯಾಲಾಸ್ಟ್’ ಎನ್ನುತ್ತಾರೆ. ಕಡಲು ಕಾಣದ ಕೋಲಾರ ಸೀಮೆಯಲ್ಲಿ ದಿನವೂ ಬಳಕೆಯಾಗುವ ಈ ಮಾತು ಹಡಗಿನವರದು ಎಂದರೆ ಅಚ್ಚರಿಯಾದೀತು. ಸರಕಿಲ್ಲದ ಹಡಗು ನೀರಿನ ಮೇಲೆ ಹಗುರವಾಗಿ ತೇಲುತ್ತದೆ, ಗಾಳಿ ಬೀಸಿದರೆ ಮಗುಚುತ್ತದೆ. ಅದಕ್ಕೆಂದು ಹಳೆಯ ನಾವಿಕರು ಹಡಗಿನ ತಳಕ್ಕೆ ಕಲ್ಲು, ಮರಳು ತುಂಬುತ್ತಿದ್ದರು. ಕನ್ನಡದಲ್ಲಿ ನಿಲುಭಾರ ಎನ್ನಬಹುದು. ಇಂಗ್ಲೆಂಡಿನ ಟೈನ್ ನದಿಯ ಬಂದರುಗಳಿಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಬಂದ ಹಡಗುಗಳು ಈ ಕಲ್ಲುಮಣ್ಣನ್ನು ದಡದಲ್ಲಿ ಸುರಿದು ಹೋಗುತ್ತಿದ್ದವು. ಕಲ್ಲಿದ್ದಲ ಬಂಡಿಗಳ ಹಳಿಗೆ ಅದನ್ನೇ ಹಾಸಿದರು. ಹೆಸರೂ ಹಳಿಯ ಜೊತೆ ಉಳಿಯಿತು ಎನ್ನುತ್ತಾರೆ. ಕಬ್ಬಿಣದ ಹಡಗುಗಳು ಬಂದ ಮೇಲೆ ಕಲ್ಲಿನ ಜಾಗಕ್ಕೆ ನೀರು ಬಂತು. 1852ರಲ್ಲಿ ಅದೇ ಟೈನ್ ನದಿಯಲ್ಲಿ ತೇಲಿಬಿಟ್ಟ ‘ಜಾನ್ ಬೋವ್ಸ್’ ಎಂಬ ಕಲ್ಲಿದ್ದಲ ಹಡಗು ನೀರನ್ನೇ ನಿಲುಭಾರವಾಗಿ ಬಳಸಿದ ಮೊದಮೊದಲ ಹಡಗುಗಳಲ್ಲೊಂದು. ಕಲ್ಲಾದರೆ ಕೂಲಿಯಾಳು ಹೊತ್ತು ಹಾಕಬೇಕು, ಹೊತ್ತು ತೆಗೆಯಬೇಕು. ನೀರಿಗೆ ಒಂದು ಪಂಪು ಸಾಕು.

ನಿಲ್ದಾಣದಿಂದ ರಸ್ತೆಗೆ ಬಂದರೆ ಎರಡನೆಯ ಪಾಠ ಟ್ರ್ಯಾಕ್ಟರಿನ ಹಿಂದೆ ಬರುತ್ತದೆ. ಬೋರ್‌ವೆಲ್‌ಗಳು ಸಾವಿರ ಅಡಿಗೂ ಕೆಳಗಿಳಿದ ಜಿಲ್ಲೆಯಿದು. ನೀರಿನ ಟ್ಯಾಂಕರ್ ಇಲ್ಲಿ ದಿನನಿತ್ಯದ ನೋಟ. ತುಂಬಿದ ಟ್ಯಾಂಕರ್ ಗಂಭೀರವಾಗಿ ಸಾಗುತ್ತದೆ. ಅರ್ಧ ಖಾಲಿಯಾದದ್ದು ತಿರುವಿನಲ್ಲಿ ವಾಲುತ್ತದೆ, ಬ್ರೇಕ್ ಹಾಕಿದ ಮೇಲೂ ಮುಂದಕ್ಕೆ ದೂಡುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ವಿನಯದ ಪಾಠವಾಗಿ ಹೇಳುವುದು ವಾಡಿಕೆ. ಅದು ಭೌತವಿಜ್ಞಾನದ ಪಾಠವೂ ಹೌದು.

ಈ ಪಾಠ ಅತಿ ಹೆಚ್ಚು ಬೇಕಾಗುವುದು ಟೇಕಲ್ಲಿಗೆ ಬಹು ದೂರದ ಒಂದು ಆಟದಲ್ಲಿ. ವೇಕ್‌ಬೋರ್ಡಿಂಗ್ ಎಂದು ಅದರ ಹೆಸರು. ಮೋಟಾರು ದೋಣಿಯ ಹಿಂದೆ ಹಗ್ಗ ಹಿಡಿದ ಆಟಗಾರ, ಕಾಲಿಗೆ ಕಟ್ಟಿದ ಹಲಗೆಯ ಮೇಲೆ ನಿಂತು, ದೋಣಿ ಎಬ್ಬಿಸುವ ಅಲೆಯಿಂದ ಚಿಮ್ಮಿ ಗಾಳಿಯಲ್ಲಿ ತಿರುಗಿ ಇಳಿಯುತ್ತಾನೆ. ವೇಗ ಗಂಟೆಗೆ ಸುಮಾರು 30–35 ಕಿ.ಮೀ. ಅಲೆ ದೊಡ್ಡದಾದಷ್ಟೂ ಜಿಗಿತ ಎತ್ತರ. ಅಲೆ ದೊಡ್ಡದಾಗಬೇಕಾದರೆ ದೋಣಿ ನೀರಿನಲ್ಲಿ ಆಳಕ್ಕೆ ಕೂರಬೇಕು, ಎಂದರೆ ಭಾರವಾಗಬೇಕು. ಆರ್ಕಿಮಿಡೀಸನ ತತ್ವವಷ್ಟೆ: ದೋಣಿ ತನ್ನ ತೂಕದಷ್ಟೇ ನೀರನ್ನು ಬದಿಗೊತ್ತುತ್ತದೆ. ಹೆಚ್ಚು ತೂಕ, ಹೆಚ್ಚು ನೀರು, ದೊಡ್ಡ ಅಲೆ.

ಕಾರ್ಖಾನೆಯಿಂದ ಬಂದ ವ್ಯವಸ್ಥೆ ಸಾಲದೆಂದು ಎಷ್ಟೋ ದೋಣಿ ಮಾಲೀಕರು ತಾವೇ ಇದನ್ನು ಅಳವಡಿಸಿಕೊಳ್ಳುತ್ತಾರೆ. ದೋಣಿಯ ತಳದಲ್ಲಿ ಒಂದು ರಂಧ್ರ, ಅದಕ್ಕೊಂದು ಮುಚ್ಚುವ ವಾಲ್ವ್, ಅಲ್ಲಿಂದ ಪಂಪು, ಪೈಪು. ಆಸನಗಳ ಕೆಳಗೆ ದಪ್ಪ ರಬ್ಬರಿನಂಥ ಚೀಲಗಳು. ಚೀಲ ತುಂಬಿದಾಗ ಮಿಕ್ಕ ನೀರು, ಗಾಳಿ ಹೊರಹೋಗಲು ಪಕ್ಕದಲ್ಲಿ ಇನ್ನೊಂದು ಕೊಳವೆ. ಗಂಟೆಗೆ 3,000 ಲೀಟರ್ ಎತ್ತುವ ಪಂಪಾದರೆ 500 ಲೀಟರಿನ ಚೀಲ ತುಂಬಲು ಹತ್ತು ನಿಮಿಷ. ಅಂಥ ಎರಡು ಚೀಲ ಎಂದರೆ ಒಂದು ಟನ್ನು. ಹದಿನೈದು ಮಂದಿ ದೊಡ್ಡವರು ಹೆಚ್ಚಾಗಿ ಹತ್ತಿ ಕುಳಿತಂತೆ.

ಅಷ್ಟೇ ತೂಕಕ್ಕೆ ಟೇಕಲ್ಲಿನ ಕಲ್ಲು ಎಷ್ಟು ಬೇಕು? ಇಲ್ಲಿಯ ಬಂಡೆ ನೀರಿನ ಎರಡೂವರೆ ಪಟ್ಟಿಗಿಂತ ಹೆಚ್ಚು ಭಾರ. ಎಲ್ಲ ಬದಿಯೂ 72 ಸೆಂಟಿಮೀಟರ್ ಇರುವ ಒಂದು ಚೌಕುಗಲ್ಲು ಸಾಕು, ಜಾಗವೂ ಉಳಿಯುತ್ತದೆ. ಆದರೂ ದೋಣಿಯವರು ಕಲ್ಲನ್ನು ಮುಟ್ಟುವುದಿಲ್ಲ. ಆಟ ಮುಗಿದ ಮೇಲೆ ನೀರನ್ನು ಚೆಲ್ಲಬಹುದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದದ್ದು. ಅಕಸ್ಮಾತ್ ದೋಣಿಯೊಳಗೆ ನೀರು ನುಗ್ಗಿತೆನ್ನಿ. ನೀರೊಳಗಿನ ನೀರಿನ ಚೀಲಕ್ಕೆ ತೂಕವೇ ಇಲ್ಲದಂತಾಗುತ್ತದೆ. ಕಲ್ಲಾದರೋ ದೋಣಿಯನ್ನು ತಳಕ್ಕೆ ಎಳೆಯುತ್ತದೆ. ಬಾವಿಯೊಳಗೆ ಮುಳುಗಿದ ಕೊಡವನ್ನು ಎಳೆಯುವಾಗ ಹಗುರ, ನೀರಿನಿಂದ ಮೇಲೆ ಬಂದ ಕ್ಷಣ ಭಾರ ಎಂಬುದು ಹಗ್ಗ ಹಿಡಿದ ಕೈಗಳಿಗೆಲ್ಲ ಗೊತ್ತಿರುವ ಸಂಗತಿ.

ಹಾಗೆಂದು ನೀರು ಸಾಧುವೆಂದು ತಿಳಿಯಬಾರದು. ಮೂತಿಯ ಕಡೆ ಭಾರ ಹೆಚ್ಚಾದರೆ ಎದುರಲೆ ದೋಣಿಯೊಳಗೇ ಬೀಳುತ್ತದೆ. ಅರ್ಧ ತುಂಬಿದ ಚೀಲ ಆ ಟ್ಯಾಂಕರಿನ ಹಾಗೆಯೇ, ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ತಳಕ್ಕೆ ಕೊರೆದ ರಂಧ್ರದ ಜೋಡಣೆ ಸಡಿಲವಾದರೆ ಕೆರೆಯೇ ಒಳಗೆ ಬರುತ್ತದೆ. ತಯಾರಕರು ನಮೂದಿಸಿದ ಗರಿಷ್ಠ ಭಾರದ ಲೆಕ್ಕಕ್ಕೆ ಜನ, ಸಾಮಾನಿನ ಜೊತೆ ಚೀಲದ ನೀರನ್ನೂ ಸೇರಿಸಬೇಕೆಂಬುದನ್ನು ಮರೆಯುವವರು ಕಡಿಮೆಯೇನಲ್ಲ. ಹರಿಗೋಲಿನ ಅಂಬಿಗ ಯಾವ ಪುಸ್ತಕ ಓದದೆಯೂ ಈ ಲೆಕ್ಕ ಬಲ್ಲ. ದಪ್ಪನೆಯವರನ್ನು ಎದುರುಬದುರು ಕೂರಿಸಿ, ಯಾರೂ ಏಳಬೇಡಿ ಎಂದು ಗದರುತ್ತಾನೆ.

ಚೆಲ್ಲಿದ ನೀರಿನದು ಮತ್ತೊಂದು ಕಥೆ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಹಡಗುಗಳ ನಿಲುಭಾರದ ನೀರಿನಲ್ಲಿ ಅಟ್ಲಾಂಟಿಕ್ ದಾಟಿತು. 1988ರಲ್ಲಿ ಅಮೆರಿಕ–ಕೆನಡಾ ನಡುವಿನ ಮಹಾಸರೋವರಗಳ ಸೀಮೆಯಲ್ಲಿ ಪತ್ತೆಯಾದಾಗ ಕಾಲ ಮಿಂಚಿತ್ತು. ನೀರಿನ ಕೊಳವೆಗಳೇ ಕಟ್ಟಿಕೊಂಡವು. ಹಡಗುಗಳ ನಿಲುಭಾರದ ನೀರಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಸಿದ್ಧವಾಗಿ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಒಂದು ಸರೋವರದ ನೀರನ್ನು ಇನ್ನೊಂದಕ್ಕೆ ಒಯ್ಯದಂತೆ ಪುಟ್ಟ ವೇಕ್‌ಬೋರ್ಡ್ ದೋಣಿಯೂ ಚೀಲವನ್ನು ಬಸಿದು ಒಣಗಿಸಬೇಕಾಗುತ್ತದೆ. ನಮ್ಮ ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಮಂಗಳೂರಿಗೆ ಇಳಿಯುತ್ತಿದ್ದ ಕಾಲದಲ್ಲಿ (ಗಣಿ ನಿಂತದ್ದು 2005ರ ಕೊನೆಗೆ) ಬೆಟ್ಟ ಹಡಗೇರಿ ಹೊರಟುಹೋಗುತ್ತಿತ್ತು. ಅದಿರಿಗೆಂದು ಬರಿದಾಗಿ ಬಂದ ಹಡಗು ತರುವುದು ಬೇರೆ ಕಡಲಿನ ನೀರನ್ನು.

ಟೇಕಲ್ಲಿನಲ್ಲಿಯೂ ಈ ವಿನಿಮಯ ಕಣ್ಣಿಗೆ ಬೀಳುತ್ತದೆ. ಊರಿನ ವರದರಾಜಸ್ವಾಮಿ ದೇಗುಲವನ್ನು ನೋಡಿ, ವಿಜಯನಗರದ ಕಾಲದಲ್ಲಿ ಸಾಳುವ ಗೋಪರಾಜನಂಥವರು ಆಳಿದ ನಾಡಿದು ಎಂದು ನೆನೆದು, ಬಂಡೆಗಳ ಕಡೆಗೆ ನಡೆಯಬೇಕು. ಇವು ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲುಗಳು. ಕೆಲವು ಬಂಡೆಗಳ ಅಂಚಿನಲ್ಲಿ ಸಾಲಾಗಿ ಗುಳಿಗಳಿರುತ್ತವೆ. ಬೆಣೆ ಬಡಿದು ಸೀಳಿದ ಗುರುತು. ಬೆಂಗಳೂರು ಸೀಮೆಯ ಕಲ್ಲುಕುಟಿಗರು ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ, ಬೆಂಕಿಯ ಸಾಲನ್ನು ಮೆಲ್ಲಗೆ ಮುಂದೆ ಸರಿಸುತ್ತ ದೋಸೆ ಎಬ್ಬಿಸಿದ ಹಾಗೆ ಚಪ್ಪಡಿ ಎಬ್ಬಿಸುತ್ತಿದ್ದರು. ಪದರ ಎಲ್ಲಿಯವರೆಗೆ ಬಿಟ್ಟಿದೆಯೆಂದು ಸುತ್ತಿಗೆ ತಟ್ಟಿ ಸದ್ದಿನಿಂದಲೇ ಹೇಳುತ್ತಿದ್ದರು. ಆಮೇಲೆ ಸಿಡಿಮದ್ದು ಬಂತು, ಕ್ರಷರ್ ಬಂತು. ಕೂಚ, ಚಪ್ಪಡಿ, ಸೈಜುಗಲ್ಲು, ಜಲ್ಲಿ ಎಂದು ಬೆಟ್ಟ ಲಾರಿ ಹತ್ತಿತು.

ಬೆಟ್ಟ ಹೋದ ಜಾಗದಲ್ಲಿ ಗುಂಡಿ. ಗುಂಡಿಯಲ್ಲಿ ಮಳೆನೀರು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಗುವವರೆಗೆ ಒಣಗಿದ ಕೆರೆಗಳನ್ನೇ ನೋಡಿ ಬೆಳೆದ ಹುಡುಗರಿಗೆ, ಬೇಸಿಗೆಯಲ್ಲೂ ಬತ್ತದ ಈ ಹಸಿರು ನೀರು ಕಂಡರೆ ಕಾಲು ನಿಲ್ಲುವುದಿಲ್ಲ. ತಂದೆತಾಯಿಗಳು ಇಲ್ಲಿ ಮಕ್ಕಳ ಕೈ ಬಿಡಕೂಡದು. ಕೆರೆಗೆ ಇಳಿಜಾರಿದೆ, ಕಲ್ಯಾಣಿಗೆ ಮೆಟ್ಟಿಲಿದೆ. ಕ್ವಾರಿಯ ಗುಂಡಿಗೆ ಎರಡೂ ಇಲ್ಲ. ಮೊದಲ ಹೆಜ್ಜೆಗೇ ಆಳ. ಹಿಡಿಯೋಣವೆಂದರೆ ಉಳಿಯಲ್ಲಿ ಕಡಿದಂಥ ನುಣ್ಣನೆಯ ಗೋಡೆ. ಈಜು ಬಂದವನಿಗೂ ಹತ್ತಿಬರಲು ದಾರಿಯಿಲ್ಲ. ಮೇಲ್ಮೈ ಬೆಚ್ಚಗಿದ್ದು ಕೆಳಗೆ ನೀರು ಕೊರೆಯುತ್ತಿರುತ್ತದೆ. ಎಷ್ಟೋ ಗುಂಡಿಗಳಿಗೆ ಒಂದು ಬೇಲಿಯೂ ಇಲ್ಲದಿರುವುದು ನಾಚಿಕೆಗೇಡು. ಹತ್ತು ಹೆಜ್ಜೆ ದೂರದಲ್ಲೇ ನಿಂತು, ಒಳಗೊಂದು ಜಲ್ಲಿಚೂರು ಎಸೆದು, ಅಲೆಯ ಉಂಗುರ ಎದುರಿನ ಗೋಡೆ ಮುಟ್ಟುವುದನ್ನು ನೋಡಿದರೆ ಸಾಕು.

ಸಂಜೆ ಮರಳುವ ರೈಲಿಗೆ ಮುಂಚೆ ನಿಲ್ದಾಣ ಸೇರಿಕೊಳ್ಳಬೇಕು. ನಿಲ್ಲದ ಗಾಡಿಯೊಂದು ಚೆನ್ನೈ ಕಡೆಗೆ ಹಾರಿಹೋಗುವಾಗ ಮಕ್ಕಳು ಗೆರೆಯಿಂದ ಹಿಂದೆ ಸರಿದು ಗಾಲಿಯ ಕೆಳಗೆ ನೋಡಲಿ. ಸ್ಲೀಪರ್ ಒಂದು ಕೂದಲೆಳೆಯಷ್ಟು ಕುಗ್ಗಿ ಏಳುತ್ತದೆ. ಜಲ್ಲಿ ಇದ್ದಲ್ಲೇ ಇರುತ್ತದೆ.