ಹಿಮದಲ್ಲಿ ಮಲಗಿದ ನೌಕೆ

ಮನೆ ಬಿದ್ದರೆ ಮತ್ತೊಂದನ್ನು ಕಟ್ಟಬಹುದು. ಅದರೊಡನೆ ಮಣ್ಣಾದವರನ್ನು ಮರಳಿ ತರಲಾದೀತೆ?

ಬಯೋವೇರ್ ಸಂಸ್ಥೆಯು 2007ರಲ್ಲಿ ಹೊರತಂದ ‘ಮಾಸ್ ಎಫೆಕ್ಟ್’ ಎಂಬ ವಿಡಿಯೋ ಆಟದಲ್ಲಿ ದಳಪತಿ ಶೆಪರ್ಡ್‌ಗೆ ನಾರ್ಮಂಡಿ ಎಂಬ ವ್ಯೋಮನೌಕೆಯೇ ಮನೆ. ಮಾನವರೂ ಟ್ಯೂರಿಯನ್ನರೆಂಬ ಅನ್ಯಲೋಕದವರೂ ಕೂಡಿ ರೂಪಿಸಿದ ನೌಕೆಯದು. ತನ್ನ ಶಾಖವನ್ನು ಒಡಲೊಳಗೇ ಅಡಗಿಸಿಕೊಂಡು ಶತ್ರುವಿನ ಉಪಕರಣಗಳಿಗೆ ಮರೆಯಾಗಬಲ್ಲದು. ಆದರೆ ಬಹುಕಾಲವಲ್ಲ, ಶಾಖವನ್ನು ಹೊರಬಿಡದಿದ್ದರೆ ಒಳಗಿನವರೇ ಬೆಂದುಹೋದಾರು.

2010ರಲ್ಲಿ ಬಂದ ಎರಡನೆಯ ಆಟದ ಆರಂಭದಲ್ಲೇ ಈ ನೌಕೆ ಶತ್ರುವಿನ ದಾಳಿಗೆ ಸಿಕ್ಕಿ ನಾಶವಾಗುತ್ತದೆ. ಅದೇ ಹೆಸರಿನ ಇನ್ನೂ ದೊಡ್ಡ ನೌಕೆಯೊಂದು ಶೆಪರ್ಡ್‌ಗೆ ದೊರೆಯುತ್ತದೆ. ಕಥೆ ಮುಂದೆ ಓಡುತ್ತದೆ.

ಆದರೂ ಆ ಆಟಕ್ಕೆ ಸೇರಿಸಿದ ಚಿಕ್ಕ ಅಧ್ಯಾಯವೊಂದು ಹಿಂದಿರುಗಿ ನೋಡುತ್ತದೆ. ಆಲ್ಕೆರಾ ಎಂಬ ಗ್ರಹದ ಹಿಮದಲ್ಲಿ ಹಳೆಯ ನಾರ್ಮಂಡಿಯ ಅವಶೇಷಗಳು ಚೆದುರಿ ಬಿದ್ದಿವೆ. ಅಲ್ಲಿ ಶತ್ರುವಿಲ್ಲ, ಗುಂಡಿನ ಸದ್ದಿಲ್ಲ. ಕಾಣೆಯಾದ 20 ಮಂದಿ ಸಂಗಡಿಗರ ಹೆಸರಿನ ಬಿಲ್ಲೆಗಳನ್ನು ಒಂದೊಂದಾಗಿ ಆಯ್ದು, ಸ್ಮಾರಕವೊಂದನ್ನು ನಿಲ್ಲಿಸಿ ಮರಳಬೇಕು, ಅಷ್ಟೆ. ಗೆಲ್ಲಲೆಂದೇ ಕುಳಿತ ಆಟಗಾರನ ಪಾಲಿಗೆ ಅಲ್ಲಿ ಒದಗುವುದು ಋಣ ತೀರಿಸುವ ಕೆಲಸ.